ಸೀರೆಯಿಂದ ಗೋಡೆಯವರೆಗೆ: ಬಣ್ಣ ಆರಿಸುವ ಮುಂಚೆ ಏನೇನು ನೋಡಬೇಕು

ಮದುವೆಯಾದ ಮೊದಲ ಸಂಕ್ರಾಂತಿಗೆ ನನ್ನ ಅವ್ವ ಒಂದು ಕಪ್ಪು ಸೀರೆ ಕೊಟ್ಟಿದ್ದಳು. ನನ್ನ ತವರು ಬಸವಕಲ್ಯಾಣದ ಕಡೆ. ಮರಾಠಿ ಮನೆಗಳ ನಡುವೆಯೇ ಬೆಳೆದವಳು ನಾನು. ಅವರಲ್ಲಿ ಹೊಸ ಸೊಸೆಗೆ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಉಡಿಸಿ, ಸಕ್ಕರೆ ಕಾಳಿನ ಒಡವೆ ಹಾಕಿ ಕೂರಿಸುತ್ತಾರೆ, ನೋಡಲು ಬಹಳ ಚಂದ. ಚಳಿಗಾಲ, ಕಪ್ಪು ಬಟ್ಟೆ ಬಿಸಿಲಿನ ಬಿಸಿ ಹಿಡಿದುಕೊಳ್ಳುತ್ತದೆ ಅಂತ ಅದಕ್ಕೆ ಕಾರಣವನ್ನೂ ಹೇಳುತ್ತಾರೆ. ಅವ್ವನಿಗೆ ಅದು ಇಷ್ಟವಾಗಿ ನಮ್ಮ ಮನೆಯಲ್ಲೂ ರೂಢಿ ಮಾಡಿಕೊಂಡಿದ್ದಳು.

ಅದೇ ಸೀರೆ ಉಟ್ಟು ನಾನು ಸುರಪುರದ ಗಂಡನ ಮನೆಯಲ್ಲಿ ಕುಸುರೆಳ್ಳು ಹಂಚಲು ಹೊರಟೆ. ಅತ್ತೆ ಪಡಸಾಲೆಯಲ್ಲೇ ತಡೆದರು. “ಹಬ್ಬದ ದಿನ ಕರಿ ಸೀರಿ ಯಾಕ ಉಟ್ಟೀದಿ ಯವ್ವಾ? ಯಾರರ ನೋಡಿದ್ರ ಏನಂತಾರ?” ಆ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ಒಳಗೆ ಹೋಗಿ ಹಸಿರು ಸೀರೆ ಉಟ್ಟು ಬಂದೆ. ಆದರೆ ಸಂಜೆಯವರೆಗೂ ಅಳು ತಡೆದುಕೊಂಡೇ ಇದ್ದೆ. ಅವ್ವ ಪ್ರೀತಿಯಿಂದ ಕೊಟ್ಟಿದ್ದಳು, ಅತ್ತೆ ಕಾಳಜಿಯಿಂದ ಬೇಡ ಅಂದಿದ್ದರು.

ಬಸವಕಲ್ಯಾಣದಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಯೊಳಗೆ ಸುರಪುರ ಮುಟ್ಟಬಹುದು. ಅಷ್ಟು ದಾರಿಯಲ್ಲೇ ಒಂದು ಬಣ್ಣದ ಅರ್ಥ ತಿರುಗುಮುರುಗಾಗುತ್ತದೆ. ಅವತ್ತಿನಿಂದ ನಾನು ಬಣ್ಣದ ವಿಷಯದಲ್ಲಿ ಕಣ್ಣು ಕಿವಿ ಎರಡೂ ತೆರೆದಿಟ್ಟೆ. ಈಗ ಕಲಬುರಗಿಯಲ್ಲಿ ಸಂಸಾರ. ಬಳಗದಲ್ಲಿ ಯಾರದಾದರೂ ಕುಬಸ (ಸೀಮಂತ) ಇದ್ದರೆ, ಮದುವೆಗೆ ಆಯೇರಿ (ಉಡುಗೊರೆ) ತರಬೇಕಿದ್ದರೆ, ಮನೆಗೆ ಪೇಂಟ್ ಮಾಡಿಸುತ್ತಿದ್ದರೆ ನನಗೆ ಫೋನ್ ಬರುತ್ತದೆ. ನಾನು ಯಾವ ಕ್ರಮದಲ್ಲಿ ಯೋಚಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಯಾರಿಗೆ, ಯಾವಾಗ, ಎಲ್ಲಿ ಅಂತ ಚೀಟಿಯಲ್ಲಿ ಬರೆಯಿರಿ

ಅಂಗಡಿಗೆ ಹೋಗಿ ನೋಡೋಣ ಬಿಡು ಅಂತ ಹೊರಟರೆ, ಅಲ್ಲಿ ಇಪ್ಪತ್ತು ಸೀರೆ ಬಿಚ್ಚಿ ಹರವಿದಾಗ ತಲೆ ಓಡುವುದಿಲ್ಲ. ಮನೆಯಲ್ಲೇ ಒಂದು ಚೀಟಿ ಬರೆಯಿರಿ. “ಕಾಕಾನ ಮಗಳಿಗೆ, ಏಳನೇ ತಿಂಗಳ ಕುಬಸಕ್ಕೆ, ಹಳ್ಳಿ ಮನೆಯಲ್ಲಿ.” ಅಥವಾ “ಅಪ್ಪ ಮಲಗುವ ಕೋಣೆ, ಪಶ್ಚಿಮದ ಗೋಡೆ, ಮಧ್ಯಾಹ್ನ ಮೂರರ ಬಿಸಿಲು.” ಇಷ್ಟು ಬರೆಯುವಷ್ಟರಲ್ಲಿ ಅರ್ಧ ಬಣ್ಣಗಳು ತಾವಾಗಿಯೇ ಬಿಟ್ಟು ಹೋಗುತ್ತವೆ.

ನಿನಗೆ ಯಾವ ಬಣ್ಣ ಇಷ್ಟ ಅಂತ ಕೇಳಿದರೆ ಸಾಲದು. ನೀಲಿ ಇಷ್ಟ ಅನ್ನುವ ಹೆಣ್ಣುಮಗಳು ದಿನಾ ಉಡಲು ನೀಲಿ ಬಯಸಬಹುದು, ತನ್ನ ಅಕ್ಕಿಕಾಳಿಗೆ, ಅಂದರೆ ಮದುವೆಯ ಅಕ್ಷತೆಗೆ, ಅದನ್ನು ಬೇಡ ಅನ್ನಬಹುದು.

ಹಂತ 2: ಕಣ್ಣು ಹೇಳೋದು ಬೇರೆ, ರೂಢಿ ಹೇಳೋದು ಬೇರೆ. ಎರಡನ್ನೂ ಬಿಡಿಸಿ ನೋಡಿ

ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ನೀಲಿ ಅಂದರೆ ಶಾಂತಿ, ಹಳದಿ ಅಂದರೆ ಸಂತೋಷ, ನೇರಳೆ ಅಂದರೆ ರಾಜವೈಭವ. ಇದರಲ್ಲಿ ಎಷ್ಟೋ ಮಾತು ಬೇರೆ ದೇಶದ ಚರಿತ್ರೆಯಿಂದ ಬಂದದ್ದು. ನೇರಳೆಯನ್ನೇ ತಗೊಳ್ಳಿ. ಭೂಮಧ್ಯ ಸಮುದ್ರದ ದಂಡೆಯಲ್ಲಿ ಒಂದು ಜಾತಿಯ ಕಡಲ ಬಸವನಹುಳುವಿನಿಂದ ಆ ಬಣ್ಣ ತೆಗೆಯುತ್ತಿದ್ದರು. ಸಾವಿರಾರು ಹುಳು ಸೇರಿದರೆ ಚೂರು ಬಣ್ಣ. ಅಷ್ಟು ದುಬಾರಿಯಾದ್ದರಿಂದ ಅದು ರೋಮಿನ ಚಕ್ರವರ್ತಿಗಳ ಬಣ್ಣವಾಯಿತು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕೊಡುವ ಕ್ವಿನೈನ್ ತಯಾರಿಸಲು ಹೋಗಿ, ಅಕಸ್ಮಾತ್ತಾಗಿ ನೇರಳೆ ಬಣ್ಣ ಮಾಡಿಬಿಟ್ಟ. ಅಲ್ಲಿಂದ ಅದು ಎಲ್ಲರ ಕೈಗೆ ಸಿಗುವಂತಾಯಿತು. ನಮ್ಮ ಕಡೆ ಬದನೆಕಾಯಿ ಬಣ್ಣದ ಸೀರೆ ನೋಡಿದರೆ ಯಾರಿಗೂ ರಾಜ ನೆನಪಾಗುವುದಿಲ್ಲ, ಅಲ್ವಾ?

ಹಾಗೇ ಮದುಮಗಳ ಬಿಳಿ ಉಡುಪು. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ತೊಟ್ಟು ಮದುವೆಯಾದ ಮೇಲೆ ಇಂಗ್ಲೆಂಡಿನಲ್ಲಿ ಅದು ದೊಡ್ಡ ಫ್ಯಾಷನ್ ಆಯಿತು. ಚೀನಾದಲ್ಲಿ ಮದುವೆಗೆ ಕೆಂಪು, ಸಾವಿಗೆ ಬಿಳಿ. ಇವೆಲ್ಲ ಕಲಿತುಕೊಂಡ ಅರ್ಥಗಳು.

ಕಣ್ಣಿನ ಮಾತು ಬೇರೆ ಥರ. ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಎಂಬುದರ ಮೇಲೆ ಮನಸ್ಸಿಗೆ ಆಗುವ ಪರಿಣಾಮ ತುಂಬಾ ಬದಲಾಗುತ್ತದೆ. ಕಡು ನೀಲಿ ಗೋಡೆ ಎದುರು ಹತ್ತು ನಿಮಿಷ ಕೂತು ನೋಡಿ, ಆಮೇಲೆ ಆಕಾಶ ನೀಲಿ ಗೋಡೆ ಎದುರು ಕೂತು ನೋಡಿ. ಎರಡೂ ನೀಲಿಯೇ, ಆದರೆ ಒಂದು ಕೋಣೆ ಮೈಮೇಲೆ ಬಂದ ಹಾಗೆ, ಇನ್ನೊಂದು ಕಿಟಕಿ ತೆರೆದ ಹಾಗೆ. ನಮ್ಮ ಮಾತಿನಲ್ಲೂ ಮೈಗೆ ಸೇರಿದ ಬಣ್ಣಗಳಿವೆ. ಸಿಟ್ಟು ಬಂದರೆ ಕಣ್ಣು ಕೆಂಪಾಗುತ್ತವೆ, ರಕ್ತ ಮುಖಕ್ಕೆ ಏರುವುದು ಖರೇನೇ. ಅವಮಾನವಾದರೆ ಮುಖ ಕಪ್ಪಿಡುತ್ತದೆ. ಚಂದದ ನೆನಪು ಹಸಿರಾಗಿರುತ್ತದೆ.

ಚೀಟಿಯಲ್ಲಿ ಎರಡು ಸಾಲು ಮಾಡಿ. ಒಂದರಲ್ಲಿ ಈ ಬಣ್ಣ ನೋಡಿದರೆ ಹೇಗನ್ನಿಸುತ್ತದೆ ಅಂತ ಬರೆಯಿರಿ, ಇನ್ನೊಂದರಲ್ಲಿ ಅಲ್ಲಿ ಸೇರುವ ಜನ ಇದನ್ನು ಏನೆಂದು ಓದಿಕೊಳ್ಳುತ್ತಾರೆ ಅಂತ. ಗೋಡೆಗಾದರೆ ಮೊದಲ ಸಾಲಿಗೆ ಹೆಚ್ಚು ಬೆಲೆ ಕೊಡಿ. ಶಾಸ್ತ್ರ, ಸಮಾರಂಭಕ್ಕಾದರೆ ಎರಡನೆಯದಕ್ಕೆ.

ಹಂತ 3: ನಮ್ಮ ಸೀಮೆಯಲ್ಲಿ ಯಾವ ಬಣ್ಣ ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ

ಹಸಿರಿನಿಂದ ಶುರು ಮಾಡುತ್ತೇನೆ, ಯಾಕಂದರೆ ನಮ್ಮಲ್ಲಿ ಇಷ್ಟು ಜನರಿಗೆ ಇಷ್ಟು ಆಪ್ತವಾದ ಬಣ್ಣ ಇನ್ನೊಂದಿಲ್ಲ. ಹಸಿ ಎಂಬ ಮಾತೇ ಹಸಿರಿನೊಳಗೆ ಕೂತಿದೆ. ಒಣಗದ್ದು, ಜೀವ ಇರುವುದು, ಇನ್ನೂ ಬೆಳೆಯುವುದು. ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳ ಕಡಲೆಯ ನಡುವೆ ಚರಗ (ಭೂತಾಯಿಗೆ ಎಡೆ) ಚೆಲ್ಲಿ ಬಂದವರಿಗೆ ಆ ಹಸಿರು ಒಳಗೇ ಇಳಿದಿರುತ್ತದೆ. ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೋದರೆ ಅಲ್ಲೂ ಹಸಿರು ಚಾದರ, ಮೇಲೆ ಗುಲಾಬಿ ಹೂ, ಹರಕೆ ಹೊತ್ತು ಬಂದವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ರೈತ ಸಂಘದವರ ಹೆಗಲ ಮೇಲಿನ ಶಾಲೂ ಹಸಿರು. ಸೀರೆ ತರುವಾಗ ಮಾತ್ರ ಒಂದು ಎಚ್ಚರ: ಕುಬಸಕ್ಕೆ ಗಿಳಿ ಹಸಿರು, ಎಲೆ ಹಸಿರು ತನ್ನಿ. ಪಾಚಿ ಬಣ್ಣ, ಮಿಲಿಟರಿ ಹಸಿರು ಎಷ್ಟೇ ರೇಷ್ಮೆಯಿದ್ದರೂ ಹಿರಿಯರಿಗೆ ಒಣಗಿದ ಹಾಗೆ ಕಾಣುತ್ತದೆ.

ಹಳದಿ ಅಂದರೆ ಮೊದಲು ಅರಿಶಿನ. ಮದುವೆಯ ಹಿಂದಿನ ದಿನ ಮೈಗೆ ಹಚ್ಚುವುದು, ಹೊಸ್ತಿಲಿಗೆ ಬಳಿಯುವುದು, ಸೀರೆಯ ಮೂಲೆಗೆ ಒಂದು ಚಿಟಿಕೆ ಸವರಿ ಕೊಡುವುದು. ಯಾದಗಿರಿ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಗೆ ಮೈಲಾರಲಿಂಗನ ಜಾತ್ರೆ ನಡೆಯುತ್ತದೆ. ಭಂಡಾರ (ಅರಿಶಿನ ಪುಡಿ) ತೂರಿ ತೂರಿ ಜನರ ಕೂದಲು, ಹುಬ್ಬು, ಅಂಗಿಯ ಹೊಲಿಗೆ ಸಂದಿ ಎಲ್ಲ ಹಳದಿ. ಅಲ್ಲಿಂದ ಬಂದ ಬಟ್ಟೆ ತೊಳೆದರೆ ಎರಡನೇ ಸಲವೂ ನೀರು ಹಳದಿಯಾಗಿಯೇ ಹೋಗುತ್ತದೆ, ಆದರೆ ಯಾರೂ ಅದನ್ನು ಕಲೆ ಅನ್ನುವುದಿಲ್ಲ. ನಮ್ಮ ತೊಗರಿಯ ಹೂವೂ ಹಳದಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು, ಆ ಹೊಲ ಹೂ ಬಿಟ್ಟಾಗ ನೋಡಿದವರಿಗೆ ಹಳದಿ ಅಂದರೆ ಬರುವ ಸುಗ್ಗಿ. ಇಷ್ಟೆಲ್ಲ ಇದ್ದರೂ ರೋಗಿ ಮಲಗುವ ಕೋಣೆಗೆ ಹಳದಿ ಹಚ್ಚಬೇಡಿ ಅಂತಲೇ ನಾನು ಹೇಳೋದು. ಗೋಡೆಯ ಬಣ್ಣ ಮುಖದ ಮೇಲೆ ಬಿದ್ದು ಮನುಷ್ಯ ಇನ್ನೂ ಬಾಡಿದ ಹಾಗೆ ಕಾಣುತ್ತಾನೆ. ನೋಡಲು ಬಂದವರೆಲ್ಲ ಗಾಬರಿಯಾಗುತ್ತಾರೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಕೆಂಪು ಮದುವೆಗೆ ಕಣ್ಣು ಮುಚ್ಚಿ ಆರಿಸಬಹುದಾದ ಬಣ್ಣ. ಹಿಂದೂ ಮನೆಯಲ್ಲೂ ನಡೆಯುತ್ತದೆ, ಮುಸ್ಲಿಂ ಮನೆಯ ಮದುಮಗಳಿಗೂ ನಡೆಯುತ್ತದೆ. ಕುಂಕುಮ ಕೆಂಪು, ಇಳಕಲ್ ಸೀರೆಯ ಟೋಪ್ ತೆನೆ ಸೆರಗು ಕೆಂಪು, ಲಂಬಾಣಿ ತಾಂಡಾದ ಹಿರಿಯ ಹೆಂಗಸರ ಕನ್ನಡಿ ಕೂರಿಸಿದ ಉಡುಪಿನಲ್ಲಿ ಎದ್ದು ಕಾಣುವುದೂ ಕೆಂಪೇ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದ ಮನೆಗಳು ಈಗಲೂ ಹಳ್ಳಿಯಲ್ಲಿ ಕಾಣುತ್ತವೆ. ಬೀದರಿನಲ್ಲಂತೂ ನೆಲವೇ ಕೆಂಪು, ಕೋಟೆಯ ಕಲ್ಲೂ ಕೆಂಪು. ಆದರೆ ಗಮನಿಸಿ, ಆ ಹಳೆ ಮನೆಗಳಲ್ಲಿ ಕೆಂಪು ಒಂದು ಪಟ್ಟಿ ಮಾತ್ರ, ಉಳಿದದ್ದು ಸುಣ್ಣ. ಇಡೀ ಕೋಣೆಗೆ ಯಾರೂ ಕೆಂಪು ಬಳಿಯುತ್ತಿರಲಿಲ್ಲ. ಅದೇ ಅಳತೆ ನೀವೂ ಇಟ್ಟುಕೊಳ್ಳಿ.

ಬಿಳಿಯಲ್ಲಿ ತಪ್ಪು ಮಾಡುವವರು ಜಾಸ್ತಿ. ಗಂಡಸರ ಹಬ್ಬದ ಧೋತರ ಬಿಳಿ, ಶುಕ್ರವಾರದ ನಮಾಜಿಗೆ ತೊಡುವ ಜುಬ್ಬಾ ಬಿಳಿ, ಹಣೆಯ ವಿಭೂತಿ ಬಿಳಿ. ಬೀದರ್ ಕಡೆಯ ಕ್ರೈಸ್ತ ಮನೆಗಳಲ್ಲಿ ಮದುಮಗಳು ಬಿಳಿ ಸೀರೆ ಉಡುತ್ತಾಳೆ. ಬೌದ್ಧ ಪದ್ಧತಿಯಲ್ಲಿ ಮದುವೆಯಾಗುವ ಮನೆಗಳಲ್ಲೂ ವಧು ವರ ಇಬ್ಬರಿಗೂ ಬಿಳಿಯೇ. ಇನ್ನು ಎಷ್ಟೋ ಮನೆಗಳಲ್ಲಿ ಹೆಂಗಸಿಗೆ ಬರಿ ಬಿಳಿ ಸೀರೆ ಅಂದರೆ ಗಂಡ ಹೋದವಳೆಂಬ ಗುರುತು, ಹೆಣಕ್ಕೆ ಹೊದಿಸುವ ಕಫನ್ನಿನ ಬಟ್ಟೆಯೂ ಬಿಳಿ. ಹಾಗಾಗಿ ಗೊತ್ತಿಲ್ಲದ ಮನೆಗೆ ಬಿಳಿ ಸೀರೆ ಕೊಡಬೇಕಾಗಿ ಬಂದರೆ ಬಣ್ಣದ ದಡಿ (ಅಂಚು) ಇರುವುದನ್ನೇ ತನ್ನಿ. ಒಂದು ಸಣ್ಣ ವಿಷಯ: ಬಿಳಿ ಬಟ್ಟೆ ಹಿಂಡುವ ಮುಂಚೆ ಬಕೆಟ್ಟಿಗೆ ನಾಲ್ಕು ಹನಿ ನೀಲಿ ಹಾಕುತ್ತೇವಲ್ಲ, ಅದು ಬಟ್ಟೆಯ ಹಳದಿ ಛಾಯೆಯನ್ನು ಮರೆಸುತ್ತದೆ, ಕಣ್ಣಿಗೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ನಮಗೆ ಬೆಳ್ಳಗೆ ಕಾಣುವ ಬಿಳಿಯಲ್ಲೂ ಸ್ವಲ್ಪ ನೀಲಿ ಇದೆ.

ನೀಲಿ ಅಂದರೆ ಹಿಂದೆ ನಮಗೆ ಕ್ಯಾಲೆಂಡರಿನ ಶಿವ, ಕೃಷ್ಣ. ಅಂಥ ದೇವರ ಚಿತ್ರ ಬರೆದು ದೇಶದ ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬರಾದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ನಮ್ಮ ಕಲಬುರಗಿಯಲ್ಲೇ. ಇವತ್ತು ನೀಲಿ ಅಂದರೆ ಅಂಬೇಡ್ಕರ್ ಕೂಡ. ಏಪ್ರಿಲ್ 14ಕ್ಕೆ ಊರ ತುಂಬ ನೀಲಿ ಬಾವುಟ, ನೀಲಿ ಶಾಲು, ಮಕ್ಕಳ ಕೆನ್ನೆಯ ಮೇಲೂ ನೀಲಿ. ಆ ಬಣ್ಣದಲ್ಲಿ ಸ್ವಾಭಿಮಾನ ಇದೆ, ತಲೆ ಎತ್ತಿ ನಡೆದ ಹೆಮ್ಮೆ ಇದೆ. ಸುಮ್ಮನೆ ಅಲಂಕಾರದ ಬಣ್ಣ ಅಂದುಕೊಂಡರೆ ಅದರ ಅರ್ಥ ನಿಮಗೆ ಮುಟ್ಟಿಲ್ಲ. 2007ರಲ್ಲಿ ತೆರೆದ ನಮ್ಮ ಬುದ್ಧ ವಿಹಾರಕ್ಕೆ ಹೋದಾಗ ಬೌದ್ಧರ ಪಂಚಶೀಲ ಧ್ವಜ ನೋಡಿ. ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಐದೂ ಪಟ್ಟಿ ಅಕ್ಕಪಕ್ಕ ಇರುತ್ತವೆ.

ಕಾವಿ ತ್ಯಾಗದ ಬಣ್ಣ, ಮಠದ ಬಣ್ಣ. ಬೀದರಿನ ಗುರುದ್ವಾರ ನಾನಕ್ ಝೀರಾದಲ್ಲಿ ಅದೇ ಬಳಗದ ಕೇಸರಿ ನಿಶಾನ್ ಸಾಹಿಬ್ ಎಂಬ ಸಿಖ್ಖರ ಬಾವುಟದ ಮೇಲೆ ಹಾರುತ್ತದೆ, ಅಲ್ಲಿ ಅದು ಧೈರ್ಯ ಮತ್ತು ಸೇವೆ. ಗುಲಾಬಿ, ಊದಾ, ಉಳ್ಳಾಗಡ್ಡಿ ಸಿಪ್ಪೆ ಬಣ್ಣ ಇವಕ್ಕೆ ನಮ್ಮಲ್ಲಿ ದೊಡ್ಡ ಕಟ್ಟುಪಾಡಿಲ್ಲ. ಏನೂ ಗೊತ್ತಾಗದಾಗ ಇವೇ ಕಾಪಾಡುತ್ತವೆ.

ಹಂತ 4: ಪಕ್ಕದಲ್ಲಿ ಯಾವ ಬಣ್ಣ ಇದೆ ನೋಡಿ

ಕಪ್ಪನ್ನು ಬೇಕಂತಲೇ ಇಲ್ಲಿಗೆ ಉಳಿಸಿಕೊಂಡೆ. ಕಪ್ಪು ಅಶುಭ ಅಂತ ಅನ್ನುವ ಅದೇ ಮನೆಯಲ್ಲಿ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತಾರೆ. ಮುತ್ತೈದೆಯ ಕೊರಳಿನ ಕರಿಮಣಿ ಕಪ್ಪು. ಕರಿ ಕಂಬಳಿ ಹಾಸಿ ಅದರ ಮೇಲೆ ದೇವರ ಗದ್ದಿಗೆ ಮಾಡುತ್ತಾರೆ. ಹಿಂದಿನವರಿಗೆ ಚಂದ್ರಕಾಳಿ ಸೀರೆ ಅಂದರೆ ಪಂಚಪ್ರಾಣ, ಅದರ ಒಡಲು ಕಪ್ಪೇ. ಹಾಗಾದರೆ ಬೇಡವಾದದ್ದು ಯಾವುದು? ಜೊತೆಗೇನೂ ಇಲ್ಲದ ಬರಿ ಕಪ್ಪು. ಕರಿಮಣಿಯ ಜೊತೆ ಬಂಗಾರ ಇದೆ, ಚಂದ್ರಕಾಳಿಯ ಜೊತೆ ಕೆಂಪು ದಡಿ, ಕೆಂಪು ಸೆರಗು ಇದೆ.

ಇದು ನನಗೆ ಪೂರಾ ಅರ್ಥವಾದದ್ದು ಬೀದರಿನಲ್ಲಿ ಬಿದರಿ ಕೆಲಸ ನೋಡುತ್ತಾ ಕೂತಾಗ. ಸತುವು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಚಾಣದಿಂದ ಬಳ್ಳಿ ಕೆತ್ತಿ, ಗೀರಿನೊಳಗೆ ಕೂದಲಿನಂಥ ಬೆಳ್ಳಿ ತಂತಿ ಇಟ್ಟು, ಸಣ್ಣ ಸುತ್ತಿಗೆಯಿಂದ ಟಕಟಕ ಬಡಿದು ಕೂರಿಸುತ್ತಾರೆ. ಆಮೇಲೆ ಉಜ್ಜಿ ನಯ ಮಾಡುತ್ತಾರೆ. ಆಗ ನೋಡಿದರೆ ಏನೂ ಚಂದವಿಲ್ಲ. ಲೋಹವೂ ಬೂದು ಬೆಳ್ಳಿ, ತಂತಿಯೂ ಬೆಳ್ಳಿ, ಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಹೂಜಿಯನ್ನು ಬಿಸಿ ಮಾಡಿ, ಹಳೆ ಕೋಟೆಯ ಮಣ್ಣಿಗೆ ನವಸಾಗರ ಎಂಬ ಉಪ್ಪು ಕಲಸಿದ ನೀರನ್ನು ಮೇಲೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ನೋಡನೋಡುತ್ತಾ ಎಲೆ, ಹೂ, ಬಳ್ಳಿಯ ಕುಡಿ ಒಂದೊಂದೇ ಎದ್ದು ಬಂತು. ಬೆಳ್ಳಿ ಅಷ್ಟು ಹೊತ್ತು ಅಲ್ಲೇ ಇತ್ತು, ಕಪ್ಪು ಬಂದ ಮೇಲೆ ನನ್ನ ಕಣ್ಣಿಗೆ ಬಿತ್ತು. ಅದೇ ಬೀದರ್ ಕೋಟೆಯ ರಂಗೀನ್ ಮಹಲಿನಲ್ಲೂ ಕರಿ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಹೋದರೆ ತಪ್ಪದೆ ನೋಡಿ.

ಈಗ ಕೆಲಸಕ್ಕೆ ಬರುವ ಮಾತು. ಅಕ್ಕಿಕಾಳು, ಕುಬಸ, ತೊಟ್ಟಿಲು, ಗೃಹಪ್ರವೇಶ ಇವಕ್ಕೆ ಬರಿ ಕಪ್ಪು ಬೇಡ. ಕಪ್ಪು ಇಷ್ಟಪಡುವ ಹುಡುಗಿಗೆ ಕೊಡಬೇಕಿದ್ದರೆ ಕೆಂಪು ಅಥವಾ ಜರಿ ದಡಿ ಇರುವುದನ್ನು ಕೊಡಿ, ದಡಿ ಕನಿಷ್ಠ ನಾಲ್ಕು ಬೆರಳಗಲ ಇರಲಿ. ಮುಸ್ಲಿಂ ಹೆಣ್ಣುಮಕ್ಕಳ ಕಪ್ಪು ಬುರ್ಖಾ ದಿನದ ಉಡುಪು, ಅದಕ್ಕೂ ಶೋಕಕ್ಕೂ ಸಂಬಂಧವಿಲ್ಲ. ಮೊಹರಂ ಸಮಯದಲ್ಲಿ ಶಿಯಾ ಮನೆಗಳಲ್ಲಿ ಕಪ್ಪು ಶೋಕದ ಬಣ್ಣ, ಆ ದಿನಗಳಲ್ಲಿ ಅಲ್ಲಿಗೆ ಹೊಳೆಹೊಳೆಯುವ ಬಟ್ಟೆ ತೊಟ್ಟು ಹೋಗಬೇಡಿ.

ಗೋಡೆಗೂ ಇದೇ ಲೆಕ್ಕ. ನಮ್ಮ ಕಡೆ ಎಷ್ಟೋ ಮನೆಗಳ ನೆಲ ಶಹಾಬಾದ್ ಫರಸಿ ಕಲ್ಲು. ಅದು ಬೂದು ನೀಲಿ. ಮೇಲೆ ಫ್ಯಾಷನ್ ಅಂತ ಬೂದು ಗೋಡೆಯನ್ನೂ ಮಾಡಿಸಿದರೆ ಮನೆಯೊಳಗೆ ಸದಾ ಮೋಡ ಮುಸುಕಿದ ಹಾಗಿರುತ್ತದೆ. ಫರಸಿ ನೆಲಕ್ಕೆ ಕೆನೆ ಬಣ್ಣ, ತಿಳಿ ಬಾದಾಮಿ, ಸ್ವಲ್ಪ ಕಾವಿ ಬೆರೆತ ತಿಳಿ ಬಣ್ಣ ಚೆನ್ನಾಗಿ ಕೂಡಿಕೊಳ್ಳುತ್ತವೆ. ನೆಲವೂ ಒಂದು ಬಣ್ಣ ಅನ್ನೋದನ್ನು ಬಹಳ ಜನ ಮರೆಯುತ್ತಾರೆ.

ಹಂತ 5: ಕೇಳಿ, ಆದರೆ ಸರಿಯಾಗಿ ಕೇಳಿ

“ಯಾವ ಬಣ್ಣ ತರ್ಲಿ ಅತ್ತಿ?” ಅಂದರೆ “ಯಾವುದಾದ್ರೂ ನಡೀತದ, ತಗೊಂಡು ಬಾ” ಅನ್ನುತ್ತಾರೆ. ಸಂಕೋಚ ಇರುತ್ತದೆ. “ನಿಮ್ಮ ಮನ್ಯಾಗ ಯಾವ ಬಣ್ಣ ನಡಿಯಂಗಿಲ್ಲ?” ಅಂತ ಕೇಳಿ ನೋಡಿ, ತಕ್ಷಣ ಉತ್ತರ ಬರುತ್ತದೆ. ಕೆಲವು ಮನೆತನದಲ್ಲಿ ಒಂದು ಬಣ್ಣವನ್ನು ದೇವರಿಗೆ ಬಿಟ್ಟಿರುತ್ತಾರೆ, ಕೆಲವರಲ್ಲಿ ಯಾವುದೋ ದುಃಖದ ನೆನಪಿಗೆ ಒಂದು ಬಣ್ಣ ಅಂಟಿಕೊಂಡಿರುತ್ತದೆ. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಮನೆಯ ಹಿರಿಯರನ್ನು ಕೇಳಿ, ಆಮೇಲೆ ಯಾರು ಉಡುತ್ತಾರೋ ಅವರನ್ನೂ ಕೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಾಕಾ ತೀರಿಕೊಂಡ ಮೇಲೆ ನಮ್ಮ ಚಿಗವ್ವನಿಗೆ ಬಂದವರೆಲ್ಲ ಬಿಳಿ, ಬೂದಿ ಬಣ್ಣದ ಸೀರೆಯನ್ನೇ ತಂದುಕೊಟ್ಟರು. ಎಂಟು ವರ್ಷ ಹಾಗೇ ಹೋಯಿತು. ಒಂದು ದಿನ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೊರಟಾಗ ನಿನಗೇನು ಬೇಕು ಚಿಗವ್ವಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ರೊಟ್ಟಿ ಹಂಚಿನ ಕಡೆ ಮುಖ ಮಾಡಿಕೊಂಡೇ, “ನೇರಳೆ ಹಣ್ಣಿನ ಬಣ್ಣದ್ದು ಸಿಕ್ರ ತಾ” ಅಂದಳು. ಎಂಟು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಗಂಡ ಹೋದ ಹೆಣ್ಣಿಗೆ ಬಣ್ಣ ಬೇಡ ಎಂಬ ರೂಢಿಯನ್ನು ನಾನು ಒಪ್ಪುವುದಿಲ್ಲ, ಅದನ್ನು ಪಾಲಿಸಬೇಡಿ ಅಂತಲೇ ಎಲ್ಲರಿಗೂ ಹೇಳುತ್ತೇನೆ. ಅವಳೇ ಬಿಳಿ ಬಯಸಿದರೆ ಬಿಳಿ ಕೊಡಿ. ಬೇರೆ ಬಯಸಿದರೆ ಅದನ್ನೇ ಕೊಡಿ.

ದಸರೆಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಅಂತ ಪಟ್ಟಿ ಬರುತ್ತದಲ್ಲ, ಅದು ಈಚೆಗೆ ಪತ್ರಿಕೆ, ಮೊಬೈಲಿನಿಂದ ಹಬ್ಬಿದ ರೂಢಿ. ಯಾವ ವಾರ ನವರಾತ್ರಿ ಶುರುವಾಗುತ್ತದೆ ಅನ್ನೋದರ ಮೇಲೆ ಪಟ್ಟಿಯ ಬಣ್ಣಗಳ ಸಾಲೂ ಬದಲಾಗುತ್ತದೆ. ಗೆಳತಿಯರೆಲ್ಲ ಸೇರಿ ಒಂದೇ ಬಣ್ಣ ಉಡುವ ಸಂತೋಷಕ್ಕೆ ಉಡಿ. ಆ ಬಣ್ಣದ ಸೀರೆ ಇಲ್ಲ ಅಂತ ಸಾಲ ಮಾಡಿ ತರಬೇಕಿಲ್ಲ.

ಹಂತ 6: ನಿಜವಾದ ಬೆಳಕಿನಲ್ಲಿ ನೋಡಿ

ಅಂಗಡಿಯ ಲೈಟಿನ ಕೆಳಗೆ ಕೊಂಡ ಸೀರೆ ಮನೆಯಲ್ಲಿ ಬೇರೆಯೇ ಬಣ್ಣ ಅನ್ನಿಸುವುದು ಎಲ್ಲರಿಗೂ ಆಗಿರುತ್ತದೆ. ಬಿಳಿ ಎಲ್‌ಇಡಿ ಬೆಳಕಿಗೆ ನೀಲಿ ಛಾಯೆ ಜಾಸ್ತಿ, ಹಳದಿ ಬಲ್ಬಿಗೆ ಕೆಂಪು ಛಾಯೆ ಜಾಸ್ತಿ. ಬಟ್ಟೆಯ ಮೇಲೆ ಯಾವ ಬೆಳಕು ಬೀಳುತ್ತದೋ ಅದರಲ್ಲೇ ಒಂದು ಪಾಲು ವಾಪಸ್ ಕಣ್ಣಿಗೆ ಬರುವುದರಿಂದ ಬಣ್ಣ ಬದಲಾಗುತ್ತದೆ. “ಅಣ್ಣಾ, ಸ್ವಲ್ಪ ಬಾಗಿಲತನ ಒಯ್ದು ನೋಡ್ತೀನಿ” ಅಂದರೆ ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ. ಸೆರಗು, ದಡಿ, ಒಡಲು ಮೂರನ್ನೂ ಒಟ್ಟಿಗೆ ಹಿಡಿದು ನೋಡಿ. ಫೋನಿನಲ್ಲಿ ಫೋಟೋ ಕಳಿಸಿ ಒಪ್ಪಿಗೆ ಪಡೆಯಬೇಡಿ, ಮೆರೂನ್ ಅನ್ನೋದು ಅಲ್ಲಿ ಚಾಕೊಲೇಟ್ ಆಗಿ ಕಾಣುತ್ತದೆ.

ಗೋಡೆಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ನಾವು ಮಗಳ ಓದುವ ಕೋಣೆಗೆ ಶೇಡ್ ಕಾರ್ಡ್ ನೋಡಿ ಕಡು ನೀಲಿ ಹಚ್ಚಿಸಿದೆವು. ಕಾರ್ಡಿನ ಆ ಬೆರಳುದ್ದದ ಚೌಕದಲ್ಲಿ ಎಷ್ಟು ಚಂದ ಕಂಡಿತ್ತು! ನಾಲ್ಕು ಗೋಡೆ ಮುಗಿದಾಗ ಮಧ್ಯಾಹ್ನವೇ ಲೈಟ್ ಹಾಕಬೇಕಾಯಿತು, ಮಗಳು ಪುಸ್ತಕ ಎತ್ತಿಕೊಂಡು ಪಡಸಾಲೆಗೆ ಬಂದುಬಿಟ್ಟಳು. ಮೂರು ಗೋಡೆಗೆ ಮತ್ತೆ ಪ್ರೈಮರ್ ಹೊಡೆಸಿ ಕೆನೆ ಬಣ್ಣ ಮಾಡಿಸಿದೆವು, ಮೇಜಿನ ಹಿಂದಿನ ಒಂದು ಗೋಡೆ ಮಾತ್ರ ನೀಲಿ ಉಳಿಯಿತು. ಈಗ ಮಗಳು ಅಲ್ಲಿಂದ ಏಳುವುದೇ ಇಲ್ಲ. ದೊಡ್ಡ ಗೋಡೆಯ ಮೇಲೆ ಬಣ್ಣ ಕಾರ್ಡಿನಲ್ಲಿ ಕಂಡಿದ್ದಕ್ಕಿಂತ ಜೋರಾಗಿಯೇ ಕಾಣುತ್ತದೆ. ಅದಕ್ಕೆ ನಿಮಗೆ ಒಪ್ಪಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದು ಆರಿಸಿ.

ಹೀಗೆ ಮಾಡಿ. ಸಣ್ಣ ಸ್ಯಾಂಪಲ್ ಡಬ್ಬಿ ತನ್ನಿ. ಎದುರುಬದುರಿನ ಎರಡು ಗೋಡೆಗೆ ಎರಡೆರಡು ಅಡಿ ಚೌಕ ಹಚ್ಚಿ, ಎರಡು ಕೋಟ್ ಆಗಲಿ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಣಗಿದ ಮೇಲೆ ಬದಲಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿ ಮೂರು ಹೊತ್ತೂ ನೋಡಿ. ಪೇಂಟರ್ ಅವಸರ ಮಾಡಿದರೂ ನೀವು ಮಾಡಬೇಡಿ.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬೇಸಿಗೆಯಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಪಶ್ಚಿಮದ ಹೊರಗೋಡೆಗೆ ಕಡು ಬಣ್ಣ ಹಚ್ಚಿದರೆ ಅದು ಬಿಸಿಲನ್ನು ಹೀರಿ ರಾತ್ರಿಯವರೆಗೂ ಒಳಗೆ ಕಾವು ಬಿಡುತ್ತದೆ, ಬಣ್ಣವೂ ಬೇಗ ಮಾಸುತ್ತದೆ. ಹೊರಗೆ ತಿಳಿ ಬಣ್ಣ, ಮಾಳಿಗೆ ಮೇಲೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ. ಇಷ್ಟು ಮಾಡಿದರೆ ಮೇಲಿನ ಕೋಣೆಯಲ್ಲಿ ಮಲಗುವವರಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 7: ಹತ್ತು ಜನ ಸೇರುವ ಜಾಗಕ್ಕೆ ಆರಿಸುವಾಗ

ಶಾಲೆಯ ಸಭಾಂಗಣ, ಬಡಾವಣೆಯ ಹಬ್ಬದ ಪೆಂಡಾಲು, ಸಂಘದ ಕರಪತ್ರ ಇವುಗಳಲ್ಲಿ ಬಣ್ಣ ಬಾವುಟದ ಹಾಗೆ ಮಾತಾಡುತ್ತದೆ. ಬರಿ ಕೇಸರಿ, ಬರಿ ಹಸಿರು, ಬರಿ ನೀಲಿ ಬಳಸಿದರೆ ನೀವು ಹೇಳದ ಮಾತನ್ನೂ ಜನ ಕೇಳಿಸಿಕೊಳ್ಳುತ್ತಾರೆ, ಒಳಗೆ ಬರಲು ಕೆಲವರು ಹಿಂಜರಿಯುತ್ತಾರೆ. ಮೂರು ನಾಲ್ಕು ಬಣ್ಣ ಕೂಡಿಸಿ. ಹೇಗೆ ಕೂಡಿಸಬೇಕು ಅನ್ನೋದಕ್ಕೆ ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿ ಬನ್ನಿ. 1472ರ ಕಟ್ಟಡ, ಅರ್ಧ ಬಿದ್ದುಹೋಗಿದೆ. ಆದರೂ ಮಿನಾರಿನ ಮೇಲೆ ಉಳಿದ ಹೆಂಚಿನ ಬಿಲ್ಲೆಗಳ ಅಂಕುಡೊಂಕು ಪಟ್ಟಿಗಳು ಸಂಜೆ ಬಿಸಿಲಿಗೆ ಇವತ್ತೂ ಮಿಂಚುತ್ತವೆ.

ಚಾರ್ಟ್, ಫಲಕ ಮಾಡುವವರಿಗೆ ಒಂದು ಮಾತು. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆಯೇ ಇರುತ್ತಾರೆ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಬಣ್ಣದ ಜೊತೆ ಅಕ್ಷರದಲ್ಲೂ ಬರೆಯಿರಿ.

ಹಂತ 8: ತಂದ ಮೇಲೆ

ಸೀರೆಯ ಬಿಲ್ಲು ಒಂದು ವಾರ ಜೋಪಾನವಾಗಿಡಿ, ಬದಲಾಯಿಸಲು ಎಷ್ಟು ದಿನ ಅಂತ ಅಂಗಡಿಯಲ್ಲೇ ಕೇಳಿ ಅದರ ಹಿಂದೆ ಬರೆಸಿಕೊಳ್ಳಿ. ಫಾಲ್ ಹೊಲಿಸುವ ಮುಂಚೆಯೇ ಕೊಡಬೇಕಾದವರಿಗೆ ತೋರಿಸಿ. ಕೆಂಪು, ಕಡು ಹಸಿರು ನೂಲಿನ ಸೀರೆ ಮೊದಲ ಸಲ ಬೇರೆಯಾಗಿಯೇ ಒಗೆಯಿರಿ, ದಡಿಯ ಬಣ್ಣ ಒಡಲಿಗೆ ಇಳಿದರೆ ಮತ್ತೆ ಹೋಗುವುದಿಲ್ಲ. ಕೆಂಪು ಸೆರಗಿನ ಸೀರೆಯನ್ನು ನೀರಿನಲ್ಲಿ ನೆನೆಹಾಕಲೇಬೇಡಿ.

ಪೇಂಟ್ ಮುಗಿದ ದಿನ ಡಬ್ಬಿಯ ಮೇಲಿನ ಶೇಡ್ ನಂಬರನ್ನು ಫೋಟೋ ತೆಗೆದುಕೊಳ್ಳಿ. ಮುಚ್ಚಳದ ಒಳಗಡೆ ಯಾವ ಕೋಣೆ, ಯಾವ ಗೋಡೆ, ಯಾವ ತಿಂಗಳು ಅಂತ ಮಾರ್ಕರಿನಿಂದ ಬರೆದಿಡಿ. ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಿ ನೆರಳಲ್ಲಿಟ್ಟರೆ, ಮುಂದಿನ ಮಳೆಗಾಲದಲ್ಲಿ ಗೋಡೆ ಸೋರಿ ಕಲೆಯಾದಾಗ ಕೆಲಸಕ್ಕೆ ಬರುತ್ತದೆ.